ಬೆಂಗಳೂರು ಕೃಷಿ ವಿಶ್ವವಿದ್ಯಾಲಯ: ಸಂಶೋಧನೆಯ ಬಲ, ಸಂಪನ್ಮೂಲಗಳು ಮತ್ತು ಹಾರೋಹಳ್ಳಿ ಸೀಮೆ

ಬೆಂಗಳೂರಿನಿಂದ ಕನಕಪುರ ರಸ್ತೆಯಲ್ಲಿ ಸಾಗುವವರಿಗೆ ಹಾರೋಹಳ್ಳಿ ಇಂದು ಕಾರ್ಖಾನೆಗಳ ಊರಾಗಿಯೇ ಪರಿಚಿತ. ಕರ್ನಾಟಕ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿಯು ಹಂತ ಹಂತವಾಗಿ ರೂಪಿಸಿದ ಇಲ್ಲಿನ ಕೈಗಾರಿಕಾ ಪ್ರದೇಶವು ಸುತ್ತಲಿನ ಹಳ್ಳಿಗಳ ಬದುಕನ್ನೇ ಬದಲಿಸಿದೆ. ಕನಕಪುರ ತಾಲ್ಲೂಕಿನ ಹೋಬಳಿ ಕೇಂದ್ರವಾಗಿದ್ದ ಊರು 2019ರ ರಾಜ್ಯ ಬಜೆಟ್‌ನಲ್ಲಿ ಹೊಸ ತಾಲ್ಲೂಕಾಗಿ ಘೋಷಣೆಯಾಯಿತು. 2007ರಲ್ಲಿ ರಚನೆಯಾದ ರಾಮನಗರ ಜಿಲ್ಲೆಗೆ ಬೆಂಗಳೂರು ದಕ್ಷಿಣ ಎಂದು ಹೆಸರಿಡುವ ಪ್ರಸ್ತಾವಕ್ಕೆ 2025ರ ಮೇ ತಿಂಗಳಲ್ಲಿ ರಾಜ್ಯ ಸಚಿವ ಸಂಪುಟ ಒಪ್ಪಿಗೆ ನೀಡಿತು. ಹೆಸರು, ಗಡಿ, ಉದ್ಯೋಗ ಎಲ್ಲವೂ ಬದಲಾಗುತ್ತಿರುವ ಈ ಸೀಮೆಯಲ್ಲಿ ಕಾರ್ಖಾನೆಯ ಕಾಂಪೌಂಡಿನ ಆಚೆಗೆ ಇನ್ನೂ ರಾಗಿ ಹೊಲಗಳಿವೆ. ಅವರೆ, ತೊಗರಿ, ಹಿಪ್ಪುನೇರಳೆ, ಮಾವು ಮತ್ತು ತೆಂಗಿನ ತೋಟಗಳಿವೆ.

ಉಳಿದಿರುವ ಈ ಹೊಲಗಳಿಗೆ ಬೀಜ, ಬೇಸಾಯ ಕ್ರಮ ಮತ್ತು ರೋಗ-ಕೀಟಗಳ ಪರಿಹಾರವನ್ನು ಒದಗಿಸುತ್ತ ಬಂದ ಪ್ರಮುಖ ಸಾರ್ವಜನಿಕ ಸಂಸ್ಥೆಯೆಂದರೆ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ. ನಗರದ ಉತ್ತರ ತುದಿಯ ಬಳ್ಳಾರಿ ರಸ್ತೆಯಲ್ಲಿರುವ ಅದರ ಗಾಂಧಿ ಕೃಷಿ ವಿಜ್ಞಾನ ಕೇಂದ್ರ, ಅಂದರೆ ಜನರ ಬಾಯಲ್ಲಿ ಜಿಕೆವಿಕೆ, ಹಾರೋಹಳ್ಳಿಯಿಂದ ಐವತ್ತು ಕಿಲೋಮೀಟರಿಗೂ ಹೆಚ್ಚು ದೂರದಲ್ಲಿದೆ. ನಗರದ ಬಹುತೇಕ ಓದುಗರಿಗೆ ಅದು ವರ್ಷಕ್ಕೊಮ್ಮೆ ನಡೆಯುವ ಕೃಷಿ ಮೇಳದ ತಾಣ ಮಾತ್ರ. ಆದರೆ ರಾಜ್ಯದ ಊಟದ ತಟ್ಟೆಯಲ್ಲಿ ಈ ಸಂಸ್ಥೆಯ ಪಾಲು ದೊಡ್ಡದು. ಅದರ ಸಂಶೋಧನಾ ಬಲ ಯಾವುದು, ಸಾರ್ವಜನಿಕರಿಗೆ ಲಭ್ಯವಿರುವ ಸಂಪನ್ಮೂಲಗಳೇನು, ನಗರವು ಹಬ್ಬುತ್ತಿರುವ ಸೀಮೆಗಳಲ್ಲಿ ಅದರ ಪ್ರಸ್ತುತತೆ ಏನು ಎಂಬುದರ ಸಂಕ್ಷಿಪ್ತ ಪರಿಚಯ ಇಲ್ಲಿದೆ.

ಹೆಬ್ಬಾಳದ ಮೂವತ್ತು ಎಕರೆ

ವಿಶ್ವವಿದ್ಯಾಲಯದ ಬೇರು ಮೈಸೂರು ಸಂಸ್ಥಾನದ ಕಾಲದಲ್ಲಿದೆ. ಮಹಾರಾಣಿ ಕೆಂಪನಂಜಮ್ಮಣ್ಣಿ ವಾಣಿವಿಲಾಸ ಸನ್ನಿಧಾನದವರು ರಾಜಪ್ರತಿನಿಧಿಯಾಗಿದ್ದಾಗ, 1899ರಲ್ಲಿ, ಹೆಬ್ಬಾಳದಲ್ಲಿ 30 ಎಕರೆ ಭೂಮಿಯಲ್ಲಿ ಪ್ರಾಯೋಗಿಕ ಕೃಷಿ ಕೇಂದ್ರ ಸ್ಥಾಪನೆಯಾಯಿತು. ಕೃಷಿ ರಸಾಯನ ವಿಜ್ಞಾನಿ ಡಾ. ಲೆಹ್ಮನ್ ಅದರ ಹೊಣೆ ಹೊತ್ತರು. 1908ರಲ್ಲಿ ಕೆನಡಾದಿಂದ ಬಂದ ಲೆಸ್ಲಿ ಕೋಲ್ಮನ್ ಶಿಲೀಂಧ್ರ ಹಾಗೂ ಕೀಟಶಾಸ್ತ್ರದ ತಜ್ಞರಾಗಿ ಸೇವೆ ಆರಂಭಿಸಿ, ಮುಂದೆ ಕೃಷಿ ಇಲಾಖೆಯ ನಿರ್ದೇಶಕರಾದರು. ಮಲೆನಾಡಿನ ಅಡಿಕೆ ತೋಟಗಳನ್ನು ಕಾಡುತ್ತಿದ್ದ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಸಿಂಪಡಿಸುವ ಕ್ರಮವನ್ನು ಬಳಕೆಗೆ ತಂದವರು ಇವರೇ. ಒಂದು ಶತಮಾನ ಕಳೆದರೂ ಅಡಿಕೆ ಬೆಳೆಗಾರರು ಮಳೆಗಾಲದಲ್ಲಿ ಅದನ್ನೇ ಸಿಂಪಡಿಸುತ್ತಿದ್ದಾರೆ. ಕೃಷ್ಣರಾಜಸಾಗರದ ನಾಲೆಗಳ ನೀರಿನಲ್ಲಿ ಬೆಳೆಯಬೇಕಾದ ಬೆಳೆಗಳ ಪ್ರಯೋಗಕ್ಕಾಗಿ ಮಂಡ್ಯದಲ್ಲಿ 1931ರಲ್ಲಿ ಆರಂಭವಾದ ಇರ್ವಿನ್ ಕಾಲುವೆ ಫಾರಂ ಕೂಡ ಕೋಲ್ಮನ್ ಅವರ ಕಾಣಿಕೆ. ಅದೇ ಇಂದಿನ ವಿಶ್ವೇಶ್ವರಯ್ಯ ಕಾಲುವೆ ಫಾರಂ, ಅಂದರೆ ವಿ.ಸಿ. ಫಾರಂ.

ಹೆಬ್ಬಾಳದಲ್ಲಿ 1913ರಲ್ಲಿ ಕೃಷಿ ಶಾಲೆಯೂ 1946ರಲ್ಲಿ ಕೃಷಿ ಕಾಲೇಜೂ ತೆರೆದವು. ಸ್ವಾತಂತ್ರ್ಯಾನಂತರ ಅಮೆರಿಕದ ಭೂದತ್ತಿ ವಿಶ್ವವಿದ್ಯಾಲಯಗಳ ಮಾದರಿಯಲ್ಲಿ ಬೋಧನೆ, ಸಂಶೋಧನೆ ಮತ್ತು ವಿಸ್ತರಣೆಯನ್ನು ಒಂದೇ ಸೂರಿನಡಿ ತರುವ ಕೃಷಿ ವಿಶ್ವವಿದ್ಯಾಲಯಗಳನ್ನು ಕಟ್ಟುವ ರಾಷ್ಟ್ರೀಯ ನೀತಿ ರೂಪುಗೊಂಡಿತು. ಅದರಂತೆ 1963ರ ಕಾಯಿದೆಯ ಮೂಲಕ 1964ರಲ್ಲಿ ಬೆಂಗಳೂರಿನ ವಿಶ್ವವಿದ್ಯಾಲಯ ಅಸ್ತಿತ್ವಕ್ಕೆ ಬಂದಿತು. ಆರಂಭದ ವರ್ಷಗಳಲ್ಲಿ ಅಮೆರಿಕದ ಟೆನೆಸಿ ವಿಶ್ವವಿದ್ಯಾಲಯ ನೆರವು ನೀಡಿತು. ಡಾ. ಕೆ.ಸಿ. ನಾಯಕ್ ಮೊದಲ ಕುಲಪತಿಯಾಗಿದ್ದರು.

ಅಂದು ಇಡೀ ರಾಜ್ಯಕ್ಕೆ ಇದೊಂದೇ ಕೃಷಿ ವಿಶ್ವವಿದ್ಯಾಲಯ. ಹೆಬ್ಬಾಳ ಮತ್ತು ಧಾರವಾಡದ ಕಾಲೇಜುಗಳು, ಪಶುವೈದ್ಯ ಕಾಲೇಜು, 1969ರಲ್ಲಿ ಆರಂಭವಾದ ಮಂಗಳೂರಿನ ಮೀನುಗಾರಿಕೆ ಕಾಲೇಜು ಎಲ್ಲವೂ ಇದರ ವ್ಯಾಪ್ತಿಯಲ್ಲಿದ್ದವು. 1986ರಲ್ಲಿ ಧಾರವಾಡ ಪ್ರತ್ಯೇಕವಾಯಿತು. ನಂತರ ಬೀದರ್‌ನಲ್ಲಿ ಪಶುವೈದ್ಯ, ಬಾಗಲಕೋಟೆಯಲ್ಲಿ ತೋಟಗಾರಿಕೆ, ರಾಯಚೂರು ಮತ್ತು ಶಿವಮೊಗ್ಗದಲ್ಲಿ ಕೃಷಿ ವಿಶ್ವವಿದ್ಯಾಲಯಗಳು ಹುಟ್ಟಿದವು. ಮಂಡ್ಯದ ವಿ.ಸಿ. ಫಾರಂನಲ್ಲಿ ಮತ್ತೊಂದು ವಿಶ್ವವಿದ್ಯಾಲಯ ಸ್ಥಾಪಿಸುವ ಮಸೂದೆಗೆ 2025ರಲ್ಲಿ ವಿಧಾನಮಂಡಲದ ಒಪ್ಪಿಗೆ ದೊರೆಯಿತು. ಹೀಗಾಗಿ ಬೆಂಗಳೂರಿನ ಮಾತೃಸಂಸ್ಥೆಯ ಪಾಲಿಗೆ ಉಳಿಯುವುದು ಮುಖ್ಯವಾಗಿ ಮಳೆಯಾಶ್ರಿತ ಪೂರ್ವ ಒಣವಲಯ. ಹಾರೋಹಳ್ಳಿ, ಕನಕಪುರ, ಮಾಗಡಿಗಳ ಕೆಂಪು ನೆಲ ಅದೇ ವಲಯಕ್ಕೆ ಸೇರುತ್ತದೆ.

ರಾಗಿ: ಸಂಸ್ಥೆಯ ಹೆಗ್ಗುರುತು

ದೇಶದ ರಾಗಿ ಉತ್ಪಾದನೆಯಲ್ಲಿ ಕರ್ನಾಟಕದ ಪಾಲು ಅರ್ಧಕ್ಕೂ ಹೆಚ್ಚು. ಈ ಸ್ಥಾನದ ಹಿಂದೆ ಮಂಡ್ಯದ ವಿ.ಸಿ. ಫಾರಂನಲ್ಲಿ ಬಹುಕಾಲ ದುಡಿದ ತಳಿ ವಿಜ್ಞಾನಿಯೊಬ್ಬರ ಬದುಕಿದೆ. ರೈತರು ಪ್ರೀತಿಯಿಂದ 'ರಾಗಿ ಲಕ್ಷ್ಮಣಯ್ಯ' ಎಂದು ಕರೆದ ಸಿ.ಎಚ್. ಲಕ್ಷ್ಮಣಯ್ಯ ಅವರೇ ಆ ವಿಜ್ಞಾನಿ.

ರಾಗಿಯಲ್ಲಿ ಸಂಕರ ಮಾಡುವುದು ಸುಲಭದ ಕೆಲಸವಲ್ಲ. ಅದರ ಹೂವು ಬರಿಗಣ್ಣಿಗೆ ಕಷ್ಟದಿಂದ ಕಾಣುವಷ್ಟು ಚಿಕ್ಕದು. ಬೆಳಕು ಹರಿಯುವ ಮೊದಲೇ ತನ್ನ ಪರಾಗದಿಂದ ತಾನೇ ಫಲಕಟ್ಟಿಕೊಂಡಿರುತ್ತದೆ. ಈ ಕಾರಣದಿಂದ, ಬೇರೆ ಧಾನ್ಯಗಳಲ್ಲಿ ಸಂಕರ ತಳಿಗಳ ಯುಗ ಆರಂಭವಾದ ಮೇಲೂ ರಾಗಿಯಲ್ಲಿ ಇರುವ ತಳಿಗಳಿಂದಲೇ ಉತ್ತಮವಾದುದನ್ನು ಆರಿಸುವ ಕೆಲಸವೇ ಹೆಚ್ಚಾಗಿ ನಡೆಯುತ್ತಿತ್ತು. ಲಕ್ಷ್ಮಣಯ್ಯ ಅವರು ತಾಳ್ಮೆಯಿಂದ ಸಂಕರ ಕಾರ್ಯ ಕೈಗೊಂಡು ಅರುಣ, ಉದಯ, ಪೂರ್ಣ, ಕಾವೇರಿ, ಶಕ್ತಿ ಮೊದಲಾದ ತಳಿಗಳನ್ನು ನೀಡಿದರು. ಬಳಿಕ ಆಫ್ರಿಕಾದ ರಾಗಿಯತ್ತ ದೃಷ್ಟಿ ಹರಿಸಿದರು. ರಾಗಿಯ ತವರು ಪೂರ್ವ ಆಫ್ರಿಕಾದ ಎತ್ತರದ ನಾಡು. ಅಲ್ಲಿನ ತಳಿಗಳಿಗೆ ದಪ್ಪ ಕಾಂಡ, ದೊಡ್ಡ ತೆನೆ ಮತ್ತು ರೋಗ ತಡೆಯುವ ಗುಣವಿತ್ತು. ನಮ್ಮ ತಳಿಗಳು ಇಲ್ಲಿನ ಮಳೆ ಮತ್ತು ಮಣ್ಣಿಗೆ ಹೊಂದಿಕೊಂಡಿದ್ದವು. ಎರಡನ್ನೂ ಕೂಡಿಸಿ 1970ರ ದಶಕದಿಂದ ಹೊರಬಂದ ತಳಿಗಳಿಗೆ ಇಂಡಿಯಾ ಮತ್ತು ಆಫ್ರಿಕಾ ಎರಡರ ಹೆಸರನ್ನೂ ಬೆಸೆದು 'ಇಂಡಾಫ್' ಎಂದು ಹೆಸರಿಡಲಾಯಿತು. ಇಂಡಾಫ್-5, 7, 8, 9 ಮುಂತಾದ ತಳಿಗಳು ಹಳೆ ಮೈಸೂರಿನ ಹೊಲಗಳನ್ನು ತುಂಬಿದವು. ರಾಗಿ ಬೆಳೆಯುವ ಪ್ರದೇಶ ಮುಂದೆ ಕುಗ್ಗುತ್ತ ಬಂದರೂ ಎಕರೆವಾರು ಇಳುವರಿ ಏರಿದ್ದಕ್ಕೆ ಈ ತಳಿಗಳೇ ಮುಖ್ಯ ಕಾರಣ.

ಇಂಡಾಫ್ ತಳಿಗಳ ನಂತರ ಬೆಂಕಿ ರೋಗದ ಸಮಸ್ಯೆ ಮುನ್ನೆಲೆಗೆ ಬಂತು. ತೆನೆಯ ಕುತ್ತಿಗೆಗೆ ತಗಲುವ ಈ ಶಿಲೀಂಧ್ರ ಕಾಳು ಕಟ್ಟುವ ಮೊದಲೇ ತೆನೆಯನ್ನು ಒಣಗಿಸುತ್ತದೆ. 1990ರ ದಶಕದಲ್ಲಿ ಜಿಕೆವಿಕೆಯಲ್ಲಿ ರೂಪುಗೊಂಡ ಜಿಪಿಯು-28 ತಳಿ ಈ ರೋಗವನ್ನು ಚೆನ್ನಾಗಿ ತಡೆದುಕೊಂಡದ್ದರಿಂದ ದಕ್ಷಿಣ ಕರ್ನಾಟಕದಲ್ಲಿ ಬಹುಬೇಗ ಜನಪ್ರಿಯವಾಯಿತು. ಸುಮಾರು 110ರಿಂದ 115 ದಿನಗಳಲ್ಲಿ ಕೊಯ್ಲಿಗೆ ಬರುವ ಈ ತಳಿ ಜುಲೈ-ಆಗಸ್ಟ್ ಬಿತ್ತನೆಗೆ ಸೂಕ್ತ. ಬರವನ್ನು ಸಹಿಸುವ ಎಂಎಲ್-365, ದೀರ್ಘಾವಧಿಯ ಎಂಆರ್ ಸರಣಿ, ಬಿಳಿ ಕಾಳಿನ ಕೆಎಂಆರ್-340 ನಂತರದ ಸೇರ್ಪಡೆಗಳು. ಬಿಳಿ ರಾಗಿಯನ್ನು ಬೇಕರಿ ತಿನಿಸು ಮತ್ತು ಸಿದ್ಧ ಆಹಾರ ತಯಾರಿಕೆಯನ್ನೂ ಗಮನದಲ್ಲಿರಿಸಿಕೊಂಡು ರೂಪಿಸಲಾಗಿದೆ.

ಅಖಿಲ ಭಾರತ ಕಿರುಧಾನ್ಯ ಸಂಶೋಧನಾ ಯೋಜನೆಯ ಸಮನ್ವಯ ಕಚೇರಿ ದಶಕಗಳ ಕಾಲ ಜಿಕೆವಿಕೆಯಲ್ಲೇ ಕಾರ್ಯನಿರ್ವಹಿಸಿದ್ದು ಇಲ್ಲಿನ ಪರಿಣತಿಗೆ ದೊರೆತ ಮನ್ನಣೆ. ಜಿಪಿಯು ತಳಿಗಳ ಹೆಸರೂ ಆ ಘಟಕದಿಂದಲೇ ಬಂದದ್ದು. ದೇಶ-ವಿದೇಶಗಳಿಂದ ಸಂಗ್ರಹಿಸಿದ ಸಾವಿರಾರು ರಾಗಿ ಮಾದರಿಗಳು ಹಾಗೂ ನವಣೆ, ಸಾಮೆ, ಹಾರಕ, ಊದಲು, ಬರಗುಗಳ ಮಾದರಿಗಳು ಇಲ್ಲಿನ ತಳಿ ಭಂಡಾರದಲ್ಲಿವೆ. ವಿಶ್ವಸಂಸ್ಥೆಯು 2023ನ್ನು ಅಂತಾರಾಷ್ಟ್ರೀಯ ಸಿರಿಧಾನ್ಯ ವರ್ಷವೆಂದು ಘೋಷಿಸಿದಾಗ ಜಗತ್ತಿನ ಗಮನ ಈ ಧಾನ್ಯಗಳತ್ತ ಹರಿಯಿತು. ಯಾರೂ ಗಮನಿಸದ ದಿನಗಳಲ್ಲಿ ಅವುಗಳ ಬೀಜವನ್ನು ಕಾಯ್ದುಕೊಂಡು ಬಂದದ್ದು ಇಂತಹ ಭಂಡಾರಗಳು.

ಸಾರ್ವಜನಿಕ ಸಂಸ್ಥೆಯೇ ಏಕೆ?

ಮೆಕ್ಕೆಜೋಳ, ಹತ್ತಿ, ಟೊಮೆಟೊ ಬೀಜಗಳ ಮಾರುಕಟ್ಟೆಯಲ್ಲಿ ಖಾಸಗಿ ಕಂಪನಿಗಳು ಪೈಪೋಟಿ ನಡೆಸುತ್ತವೆ. ಹೈಬ್ರಿಡ್ ಬೀಜವನ್ನು ರೈತ ಪ್ರತಿ ವರ್ಷ ಹೊಸದಾಗಿ ಕೊಳ್ಳಲೇಬೇಕು. ರಾಗಿಯ ಲೆಕ್ಕ ಬೇರೆ. ಅದು ಸ್ವಪರಾಗಸ್ಪರ್ಶದ ಬೆಳೆಯಾದ್ದರಿಂದ, ಒಮ್ಮೆ ಒಳ್ಳೆಯ ಬೀಜ ತಂದ ರೈತ ತನ್ನ ಹೊಲದ ಉತ್ತಮ ತೆನೆಗಳನ್ನು ಆರಿಸಿಟ್ಟುಕೊಂಡು ಕೆಲವು ವರ್ಷ ಅದನ್ನೇ ಬಿತ್ತಬಹುದು, ನೆರೆಯವರಿಗೂ ಕೊಡಬಹುದು. ರೈತನಿಗೆ ಇದು ವರದಾನ. ಬೀಜ ಮಾರುವವರಿಗೆ ಇದರಲ್ಲಿ ಲಾಭ ಕಡಿಮೆ. ಆದ್ದರಿಂದ ರಾಗಿ, ಅವರೆ, ಹುರುಳಿ, ಸಾಮೆಗಳಂತಹ ಬೆಳೆಗಳ ತಳಿ ಸುಧಾರಣೆ ನಡೆಯಬೇಕಾದರೆ ಅದು ಬಹುಮಟ್ಟಿಗೆ ಸಾರ್ವಜನಿಕ ಹಣದಿಂದಲೇ ಆಗಬೇಕು. ವಿಶ್ವವಿದ್ಯಾಲಯದ ಕೆಲಸ ಕುಂಠಿತವಾದರೆ ಆ ಜಾಗವನ್ನು ತುಂಬಲು ಬೇರೆಯವರು ಮುಂದೆ ಬರುವ ಸಂಭವ ಕಡಿಮೆ.

ಹೊಸ ತಳಿಯು ಪ್ರಯೋಗಾಲಯದಿಂದ ಹೊಲಕ್ಕೆ ಬರುವ ದಾರಿಯೂ ಉದ್ದವಾದುದು. ತಳಿ ರೂಪಿಸಿದ ವಿಜ್ಞಾನಿಯ ಉಸ್ತುವಾರಿಯಲ್ಲಿ ತಳಿ ಸಂವರ್ಧಕರ ಬೀಜ, ಅದರಿಂದ ಮೂಲ ಬೀಜ, ಅದರಿಂದ ಪ್ರಮಾಣಿತ ಬೀಜ ಸಿದ್ಧವಾಗುತ್ತದೆ. ಕರ್ನಾಟಕ ರಾಜ್ಯ ಬೀಜ ನಿಗಮದಂತಹ ಸಂಸ್ಥೆಗಳ ಮೂಲಕ ಅದು ಹೋಬಳಿ ಮಟ್ಟದ ರೈತ ಸಂಪರ್ಕ ಕೇಂದ್ರ ತಲುಪುತ್ತದೆ. ಈ ಸರಪಳಿಯ ಮೊದಲ ಕೊಂಡಿ ವಿಶ್ವವಿದ್ಯಾಲಯ.

ಕೆಂಪು ಮಣ್ಣು, ಮಳೆಯ ಲೆಕ್ಕ

ಹಾರೋಹಳ್ಳಿಯ ನೆಲ ಭೂವಿಜ್ಞಾನಿಗಳಿಗೂ ಪರಿಚಿತ. ಇಲ್ಲಿನ ಕಪ್ಪುಶಿಲೆಯ ಗೋಡೆಯಂತಹ ಒಂದು ಡೈಕ್‌ಗೆ ಸುಮಾರು 236 ಕೋಟಿ ವರ್ಷ ವಯಸ್ಸೆಂದು 2007ರಲ್ಲಿ ಪ್ರಕಟವಾದ ಅಂತಾರಾಷ್ಟ್ರೀಯ ಅಧ್ಯಯನವೊಂದು ನಿರ್ಧರಿಸಿತು. ಇಂತಹ ಪುರಾತನ ಶಿಲೆಗಳು ಸವೆದು ಉಂಟಾದ ಕೆಂಪು ಮಣ್ಣು ನೀರನ್ನು ಬೇಗ ಬಿಟ್ಟುಕೊಡುತ್ತದೆ. ಸಾವಯವ ಅಂಶವೂ ಕಡಿಮೆ. ಮಳೆಯ ದೊಡ್ಡ ಪಾಲು ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ ಬೀಳುತ್ತದೆ. ಬಿತ್ತನೆಯ ಕಾಲದ ಜುಲೈ-ಆಗಸ್ಟ್‌ನಲ್ಲಿ ಅದು ಕೈಕೊಡುವುದೇ ಹೆಚ್ಚು.

ಇಂತಹ ನೆಲಕ್ಕೆ ತಕ್ಕ ಬೇಸಾಯವನ್ನು ಹುಡುಕುವ ಒಣಬೇಸಾಯ ಸಂಶೋಧನೆ 1970ರ ದಶಕದಿಂದ ಜಿಕೆವಿಕೆಯಲ್ಲಿ ನಡೆದಿದೆ. ಇಳಿಜಾರಿಗೆ ಅಡ್ಡಲಾಗಿ ಉಳುಮೆ, ಬದುಗಳ ನಿರ್ಮಾಣ, ಹರಿದುಹೋಗುವ ನೀರನ್ನು ಹಿಡಿದಿಡುವ ಕೃಷಿ ಹೊಂಡ, ಮಳೆ ತಡವಾದಾಗ ಬಿತ್ತಬೇಕಾದ ಅಲ್ಪಾವಧಿ ತಳಿಗಳ ಆಯ್ಕೆ ಇವೆಲ್ಲ ಆ ಸಂಶೋಧನೆಯ ಫಲ. ರಾಗಿಯ ಜೊತೆ ಅವರೆ, ತೊಗರಿ, ಜೋಳ, ಹುಚ್ಚೆಳ್ಳು, ಸಾಸಿವೆಗಳನ್ನು ಸಾಲಾಗಿ ಬಿತ್ತುವ ಅಕ್ಕಡಿ ಪದ್ಧತಿ ಮಾಗಡಿ-ಕನಕಪುರದ ರೈತರಿಗೆ ಹಿರಿಯರಿಂದ ಬಂದ ತಿಳಿವಳಿಕೆ. ಎಂಟು ಅಥವಾ ಹತ್ತು ಸಾಲು ರಾಗಿಗೆ ಎರಡು ಸಾಲು ತೊಗರಿ ಎಂಬ ಶಿಫಾರಸು ಆ ತಿಳಿವಳಿಕೆಯನ್ನು ಅಳೆದು, ತೂಗಿ ಖಚಿತಗೊಳಿಸಿದ ರೂಪ.

1978ರಲ್ಲಿ ಆರಂಭವಾದ ದೀರ್ಘಕಾಲೀನ ಗೊಬ್ಬರ ಪ್ರಯೋಗ ಇಲ್ಲಿನ ಮತ್ತೊಂದು ಅಮೂಲ್ಯ ಆಸ್ತಿ. ಒಂದೇ ಹೊಲದ ಬೇರೆ ಬೇರೆ ತಾಕುಗಳಿಗೆ ವರ್ಷವರ್ಷವೂ ಒಂದೇ ಬಗೆಯ ಗೊಬ್ಬರ ಕೊಡುತ್ತ ರಾಗಿಯ ಇಳುವರಿಯನ್ನೂ ಮಣ್ಣಿನ ಸ್ಥಿತಿಯನ್ನೂ ದಾಖಲಿಸುವುದು ಈ ಪ್ರಯೋಗದ ಕ್ರಮ. ಕೇವಲ ರಸಗೊಬ್ಬರ ಕೊಟ್ಟ ತಾಕುಗಳ ಇಳುವರಿ ಕಾಲಕ್ರಮದಲ್ಲಿ ಕುಸಿಯಿತು. ಹೆಕ್ಟೇರಿಗೆ 10 ಟನ್ ಕೊಟ್ಟಿಗೆ ಗೊಬ್ಬರದೊಂದಿಗೆ ಶಿಫಾರಸಿನ ರಸಗೊಬ್ಬರ ಪಡೆದ ತಾಕುಗಳು ಹೆಚ್ಚಿನ ಇಳುವರಿಯನ್ನು ಕೊಟ್ಟದ್ದಲ್ಲದೆ ಅದನ್ನು ಉಳಿಸಿಕೊಂಡವು. ದನಕರುಗಳು ಕಡಿಮೆಯಾಗಿ ಕೊಟ್ಟಿಗೆ ಗೊಬ್ಬರ ದುಬಾರಿಯಾಗಿರುವ ಈ ದಿನಗಳಲ್ಲಿ ಈ ಫಲಿತಾಂಶಕ್ಕೆ ಹೆಚ್ಚಿನ ಮಹತ್ವವಿದೆ. ಎರಡು-ಮೂರು ವರ್ಷಗಳ ಯೋಜನೆಗಳಿಂದ ಇಂತಹ ಸತ್ಯ ಹೊರಬೀಳುವುದಿಲ್ಲ. ಅದಕ್ಕೆ ದಶಕಗಳ ಕಾಲ ಕದಲದ ಭೂಮಿ ಮತ್ತು ಸಿಬ್ಬಂದಿ ಬೇಕು.

ಅವರೆ, ಸೂರ್ಯಕಾಂತಿ, ಭತ್ತ

ಮಾಗಡಿ ಸೀಮೆಯ ಅವರೆಕಾಯಿ ಚಳಿಗಾಲದಲ್ಲಿ ಬೆಂಗಳೂರಿನ ಮಾರುಕಟ್ಟೆಗಳಿಗೆ ಬಂದಿಳಿಯುವುದು ನಗರದ ಗೃಹಿಣಿಯರಿಗೆ ಗೊತ್ತು. ಹಗಲು ಕಿರಿದಾದಾಗ ಮಾತ್ರ ಹೂ ಬಿಡುವುದು ನಾಟಿ ಅವರೆಯ ಸ್ವಭಾವ. ಹಗಲಿನ ಉದ್ದವನ್ನು ಲೆಕ್ಕಿಸದೆ ಹೂ ಬಿಡುವ ಗಿಡ್ಡ ತಳಿಗಳನ್ನು ವಿಶ್ವವಿದ್ಯಾಲಯ ರೂಪಿಸಿತು. ಹೆಬ್ಬಾಳ ಅವರೆ-3 ಮತ್ತು ಹೆಬ್ಬಾಳ ಅವರೆ-4 ಅವುಗಳಲ್ಲಿ ಪ್ರಮುಖ. ವರ್ಷದ ಬಹುಪಾಲು ಅವರೆಕಾಯಿ ದೊರೆಯಲು ಈ ತಳಿಗಳೇ ಕಾರಣ. ಚಳಿಗಾಲದ ಸೊಗಡು ಅವರೆಯನ್ನೇ ಬಯಸುವವರು ಇಂದಿಗೂ ಇದ್ದಾರೆ. ಆದರೆ ನೀರಾವರಿ ಉಳ್ಳ ಸಣ್ಣ ಹಿಡುವಳಿದಾರರಿಗೆ ಕಾಲವಲ್ಲದ ಕಾಲದ ಬೆಳೆ ಹೆಚ್ಚುವರಿ ಆದಾಯ ತಂದಿತು. ತೊಗರಿಯಲ್ಲಿ ಬಿಆರ್‌ಜಿ ಸರಣಿಯ ತಳಿಗಳು ಇದೇ ಬಗೆಯ ಕೊಡುಗೆ.

ಸೂರ್ಯಕಾಂತಿಯಲ್ಲಿ ಸಂಸ್ಥೆಯ ಸಾಧನೆ ರಾಷ್ಟ್ರಮಟ್ಟದ್ದು. ದೇಶದ ಮೊದಲ ಸೂರ್ಯಕಾಂತಿ ಹೈಬ್ರಿಡ್ ಬಿಎಸ್‌ಎಚ್-1 ಬೆಂಗಳೂರಿನಲ್ಲಿ ಸಿದ್ಧವಾಗಿ 1980ರಲ್ಲಿ ಬಿಡುಗಡೆಯಾಯಿತು. ನಂತರ ಬಂದ ಕೆಬಿಎಸ್‌ಎಚ್-1 ಹಲವು ರಾಜ್ಯಗಳಿಗೆ ಹಬ್ಬಿತು. ಭತ್ತದಲ್ಲಿ ಮಂಡ್ಯ ಕೇಂದ್ರದ ಕೆಆರ್‌ಎಚ್-2 ಹೈಬ್ರಿಡ್ ಹೆಸರುವಾಸಿ. ಗದ್ದೆಯಲ್ಲಿ ನೀರು ನಿಲ್ಲಿಸದೆ, ರಾಗಿಯಂತೆ ಹದ ಮಣ್ಣಿನಲ್ಲಿ ಬೆಳೆಯಬಹುದಾದ ಏರೋಬಿಕ್ ಭತ್ತದ ತಳಿ ಎಂಎಎಸ್ 946-1 ಪ್ರೊ. ಶೈಲಜಾ ಹಿತ್ತಲಮನಿ ಅವರ ತಂಡದಿಂದ 2007ರಲ್ಲಿ ಬಂತು. ಬೇಕಾದ ಗುಣದ ಜೀನ್‌ಗಳನ್ನು ಡಿಎನ್‌ಎ ಗುರುತುಗಳಿಂದ ಪತ್ತೆಹಚ್ಚಿ ಗಿಡಗಳನ್ನು ಆರಿಸುವ ವಿಧಾನ ಇದರಲ್ಲಿ ಬಳಕೆಯಾಯಿತು. ನೀರಿನ ಕೊರತೆ ಹೆಚ್ಚುತ್ತಿರುವ ಕಾವೇರಿ ಕಣಿವೆಗೆ ಇಂತಹ ತಳಿಗಳ ಅಗತ್ಯವನ್ನು ಹೇಳಬೇಕಾಗಿಲ್ಲ.

ನುಸಿಯ ಪಾಠ

ಮೂಲ ವಿಜ್ಞಾನದ ಉಪಯೋಗವೇನು ಎಂಬ ಪ್ರಶ್ನೆಗೆ ಕೀಟಶಾಸ್ತ್ರ ವಿಭಾಗದ ಇತಿಹಾಸದಲ್ಲಿ ಉತ್ತರವಿದೆ. ಪ್ರೊ. ಜಿ.ಪಿ. ಚನ್ನಬಸವಣ್ಣ ಅವರು ಬರಿಗಣ್ಣಿಗೆ ಕಾಣದ ನುಸಿಗಳ ಅಧ್ಯಯನಕ್ಕೆ ಜೀವನವನ್ನು ಮುಡಿಪಾಗಿಟ್ಟವರು. ಭಾರತದ ಎರಿಯೋಫಿಯಿಡ್ ನುಸಿಗಳನ್ನು ವಿವರಿಸುವ ಅವರ ಗ್ರಂಥವನ್ನು ವಿಶ್ವವಿದ್ಯಾಲಯವು 1966ರಲ್ಲಿ ಪ್ರಕಟಿಸಿತು. ರೈತರಿಗೆ ನೇರ ಸಂಬಂಧವಿಲ್ಲದ ಕೆಲಸವೆಂದು ಅಂದು ಅನೇಕರಿಗೆ ತೋರಿದ್ದರೆ ಆಶ್ಚರ್ಯವಿಲ್ಲ. ಮೂರು ದಶಕಗಳ ನಂತರ, 1998ರಲ್ಲಿ, ಅದೇ ಕುಟುಂಬದ ನುಸಿಯೊಂದು ಕೇರಳದ ತೆಂಗಿನ ತೋಟಗಳಲ್ಲಿ ಕಾಣಿಸಿಕೊಂಡಿತು. ಎಳೆಗಾಯಿಯ ತೊಟ್ಟಿನ ಮುಚ್ಚಳದ ಕೆಳಗೆ ಅಡಗಿ ರಸ ಹೀರುವ ಅದರಿಂದ ಕಾಯಿಗಳು ಕಂದುಗಟ್ಟಿ, ಬಿರಿದು, ಸಣ್ಣವಾದವು. ಕೆಲವೇ ವರ್ಷಗಳಲ್ಲಿ ಕರ್ನಾಟಕದ ತೆಂಗಿನ ಸೀಮೆಗಳೂ ನುಸಿ ಪೀಡೆಗೆ ತುತ್ತಾದವು. ಅದನ್ನು ಗುರುತಿಸಿ ಹತೋಟಿ ಕ್ರಮಗಳನ್ನು ಪರೀಕ್ಷಿಸಬಲ್ಲ ತಜ್ಞರ ಪಡೆ ಬೆಂಗಳೂರಿನಲ್ಲಿ ಆಗಲೇ ಸಿದ್ಧವಿತ್ತು. ಕೃಷಿ ನುಸಿಗಳ ಕುರಿತ ಅಖಿಲ ಭಾರತ ಸಂಶೋಧನಾ ಜಾಲದ ಸಮನ್ವಯ ಕೇಂದ್ರ ಇಲ್ಲಿಯೇ ಇತ್ತು.

ಜಿಗಿಹುಳುಗಳ ವರ್ಗೀಕರಣದಲ್ಲಿ ಜಗತ್ತಿನ ಮನ್ನಣೆ ಪಡೆದ ಪ್ರೊ. ಸಿ.ಎ. ವಿರಕ್ತಮಠ, ಬೇರು ತಿನ್ನುವ ಗೊಣ್ಣೆ ಹುಳುಗಳ ತಜ್ಞರಾಗಿದ್ದು ಕುಲಪತಿಯೂ ಆದ ಡಾ. ಜಿ.ಕೆ. ವೀರೇಶ್ ಇದೇ ಪರಂಪರೆಯವರು. ಹಲವು ದಶಕಗಳಿಂದ ಕೂಡಿಟ್ಟ ಕೀಟಗಳ ಸಂಗ್ರಹಾಲಯ ಸಂಶೋಧಕರಿಗೆ ದೊಡ್ಡ ಆಕರ.

ಕನ್ನಡ ಓದುಗರಿಗೆ ಕಾದಂಬರಿಕಾರರಾಗಿ ಪರಿಚಿತರಾದ ಡಾ. ಕೆ.ಎನ್. ಗಣೇಶಯ್ಯ ಅವರೂ ಈ ವಿಶ್ವವಿದ್ಯಾಲಯದ ಪ್ರಾಧ್ಯಾಪಕರಾಗಿದ್ದವರು. ಡಾ. ಆರ್. ಉಮಾಶಂಕರ್ ಅವರೊಂದಿಗೆ, ಒಂದೇ ಕಾಯಿಯೊಳಗಿನ ಬೀಜಗಳು ಆಹಾರಕ್ಕಾಗಿ ಪರಸ್ಪರ ಪೈಪೋಟಿ ನಡೆಸುವ ಬಗೆಯನ್ನು ಅವರು ಅಧ್ಯಯನ ಮಾಡಿದರು. ಕೃಷಿ ಕಾಲೇಜೊಂದರ ಹೊಲದಿಂದ ವಿಕಾಸವಾದದ ಮೂಲಭೂತ ಪ್ರಶ್ನೆಗಳಿಗೆ ಉತ್ತರ ಹುಡುಕಿದ ಈ ಕೆಲಸ ವಿದೇಶಗಳ ಪ್ರತಿಷ್ಠಿತ ನಿಯತಕಾಲಿಕೆಗಳಲ್ಲಿ ಪ್ರಕಟವಾಯಿತು.

ರೇಷ್ಮೆ ಸೀಮೆ

ರಾಮನಗರದ ಗೂಡು ಮಾರುಕಟ್ಟೆ ಏಷ್ಯಾದ ಅತಿದೊಡ್ಡ ರೇಷ್ಮೆ ಗೂಡಿನ ಮಾರುಕಟ್ಟೆಯೆಂದು ಹೆಸರಾಗಿದೆ. ದಕ್ಷಿಣ ಭಾರತದಲ್ಲಿ ವ್ಯಾಪಕವಾಗಿ ಹರಡಿದ ಎಂ-5 ಹಿಪ್ಪುನೇರಳೆ ತಳಿಗೆ ಕಣ್ವ-2 ಎಂಬ ಮತ್ತೊಂದು ಹೆಸರಿದೆ. ಚನ್ನಪಟ್ಟಣ ತಾಲ್ಲೂಕಿನ ಕಣ್ವದ ಸರ್ಕಾರಿ ರೇಷ್ಮೆ ಫಾರಂನಲ್ಲಿ ಆಯ್ಕೆಯಾದ ತಳಿ ಅದು. ರೇಷ್ಮೆಯ ಪ್ರಧಾನ ಸಂಶೋಧನೆ ಮೈಸೂರಿನ ಕೇಂದ್ರ ಸಂಸ್ಥೆ ಮತ್ತು ಕನಕಪುರ ರಸ್ತೆಯ ತಲಘಟ್ಟಪುರದಲ್ಲಿರುವ ರಾಜ್ಯ ಸಂಸ್ಥೆಗಳಲ್ಲಿ ನಡೆಯುತ್ತದೆ. ಕೃಷಿ ವಿಶ್ವವಿದ್ಯಾಲಯವು ಜಿಕೆವಿಕೆಯ ರೇಷ್ಮೆ ಕೃಷಿ ವಿಭಾಗ ಹಾಗೂ ಚಿಂತಾಮಣಿಯ ಕಾಲೇಜಿನ ಮೂಲಕ ಈ ಕ್ಷೇತ್ರಕ್ಕೆ ತಜ್ಞರನ್ನು ಸಿದ್ಧಪಡಿಸುತ್ತ ಬಂದಿದೆ.

ವೃಷಭಾವತಿಯ ನೀರು ಮತ್ತು ಪರೀಕ್ಷೆಯ ಅಗತ್ಯ

ಹಾರೋಹಳ್ಳಿ-ಬಿಡದಿ ಸೀಮೆಯ ಕೃಷಿಯ ಮುಂದಿರುವ ಕಠಿಣ ಪ್ರಶ್ನೆ ನೀರಿನದು. ಬೆಂಗಳೂರಿನ ಪಶ್ಚಿಮ ಭಾಗದ ಕೊಳಚೆ ಮತ್ತು ಕೈಗಾರಿಕಾ ತ್ಯಾಜ್ಯವನ್ನು ಹೊತ್ತು ಬರುವ ವೃಷಭಾವತಿಯು, 1940ರ ದಶಕದಲ್ಲಿ ನೀರಾವರಿಗಾಗಿ ಕಟ್ಟಿದ ಬೈರಮಂಗಲ ಜಲಾಶಯವನ್ನು ಸೇರುತ್ತದೆ. ಅಲ್ಲಿಂದ ಮುಂದೆ ಸುವರ್ಣಮುಖಿಯೊಂದಿಗೆ ಕೂಡಿ ಕನಕಪುರದ ಬಳಿ ಅರ್ಕಾವತಿಯ ಪಾಲಾಗುತ್ತದೆ. ಜಲಾಶಯದ ಅಚ್ಚುಕಟ್ಟಿನಲ್ಲಿ ಭತ್ತದ ಜಾಗವನ್ನು ಮೇವಿನ ಹುಲ್ಲು, ಬೇಬಿಕಾರ್ನ್‌ನಂತಹ ಬೆಳೆಗಳು ಆಕ್ರಮಿಸಿವೆ. ನಗರದಂಚಿನ ಕೆರೆಗಳ ನೀರು, ಮಣ್ಣು ಮತ್ತು ತರಕಾರಿಗಳಲ್ಲಿ ಭಾರಲೋಹಗಳ ಅಂಶವಿರುವುದನ್ನು ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯೂ ಸೇರಿದಂತೆ ಬೆಂಗಳೂರಿನ ಹಲವು ಸಂಸ್ಥೆಗಳ ವಿಜ್ಞಾನಿಗಳು ದಾಖಲಿಸಿದ್ದಾರೆ.

ರೈತರು ಇಲ್ಲಿ ಗಮನಿಸಬೇಕಾದ ಒಂದು ಅಂಶವಿದೆ. ಸಾಮಾನ್ಯ ಮಣ್ಣು ಪರೀಕ್ಷೆಯಲ್ಲಿ ರಸಸಾರ, ಲವಣಾಂಶ, ಸಾವಯವ ಇಂಗಾಲ, ಸಾರಜನಕ, ರಂಜಕ, ಪೊಟ್ಯಾಷ್ ಮತ್ತು ಸತು, ಬೋರಾನ್‌ನಂತಹ ಲಘು ಪೋಷಕಾಂಶಗಳನ್ನು ಅಳೆಯಲಾಗುತ್ತದೆ. ಕ್ಯಾಡ್ಮಿಯಂ, ಸೀಸ, ಕ್ರೋಮಿಯಂಗಳ ಪರೀಕ್ಷೆ ಅದರಲ್ಲಿ ಸೇರಿರುವುದಿಲ್ಲ; ಅದನ್ನು ಪ್ರತ್ಯೇಕವಾಗಿ ಕೇಳಿ ಮಾಡಿಸಬೇಕು. ಹೊಲದಿಂದ ಮಾದರಿ ತೆಗೆಯುವ ಕ್ರಮವೂ ಮುಖ್ಯ. ಅಂಕುಡೊಂಕಾಗಿ ನಡೆದು ಹತ್ತು-ಹದಿನೈದು ಕಡೆ 'ವಿ' ಆಕಾರದಲ್ಲಿ ಸುಮಾರು ಅರ್ಧ ಅಡಿ ಆಳದ ಗುಂಡಿ ತೆಗೆದು, ಅದರ ಬದಿಯ ಮಣ್ಣನ್ನು ಕೂಡಿಸಿ, ಬೆರೆಸಿ, ನಾಲ್ಕು ಭಾಗ ಮಾಡಿ ಎದುರುಬದುರಿನ ಭಾಗಗಳನ್ನು ಉಳಿಸಿಕೊಳ್ಳುತ್ತ ಕೊನೆಗೆ ಅರ್ಧ ಕಿಲೋ ಮಣ್ಣನ್ನು ಪ್ರಯೋಗಾಲಯಕ್ಕೆ ಕೊಡಬೇಕು. ಗೊಬ್ಬರದ ಗುಂಡಿ, ಬದು ಮತ್ತು ಮರದ ನೆರಳಿನ ಜಾಗಗಳನ್ನು ಬಿಡಬೇಕು.

ಸಂಪನ್ಮೂಲಗಳು ಎಲ್ಲಿ, ಯಾರಿಗೆ?

ರಾಮನಗರ ಸೀಮೆಯ ರೈತರಿಗೆ ಹತ್ತಿರದ ದ್ವಾರ ಮಾಗಡಿ ತಾಲ್ಲೂಕಿನ ಚಂದುರಾಯನಹಳ್ಳಿಯಲ್ಲಿರುವ ಕೃಷಿ ವಿಜ್ಞಾನ ಕೇಂದ್ರ. ಭಾರತೀಯ ಕೃಷಿ ಅನುಸಂಧಾನ ಪರಿಷತ್ತಿನ ನೆರವಿನ ಈ ಕೇಂದ್ರದಲ್ಲಿ ತರಬೇತಿ, ರೈತರ ಹೊಲಗಳಲ್ಲೇ ಹೊಸ ತಳಿಗಳ ಪ್ರಾತ್ಯಕ್ಷಿಕೆ, ಬೆಳೆ ಸಲಹೆ ದೊರೆಯುತ್ತವೆ.

ಜಿಕೆವಿಕೆಯ ಸುಮಾರು 1,300 ಎಕರೆ ಆವರಣದಲ್ಲಿ ತಂತ್ರಜ್ಞಾನ ಮಾಹಿತಿ ಕೇಂದ್ರ, ಬೀಜ ಮಾರಾಟ, ಔಷಧೀಯ ಸಸ್ಯಗಳ ತೋಟ, ಹಲಸು ಮೊದಲಾದ ಹಣ್ಣಿನ ತಳಿಗಳ ಸಂಗ್ರಹಗಳಿವೆ. ಸಾಮಾನ್ಯವಾಗಿ ನವೆಂಬರ್‌ನಲ್ಲಿ ನಡೆಯುವ ಕೃಷಿ ಮೇಳ ಎಲ್ಲರಿಗೂ ತೆರೆದದ್ದು. ಹೊಸ ತಳಿಗಳನ್ನು ಹೊಲದಲ್ಲೇ ನಿಂತಂತೆ ನೋಡುವ ಅವಕಾಶ ಅಲ್ಲಿದೆ. ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರವೂ ಇದೇ ಆವರಣದಲ್ಲಿ ನೆಲೆಸಿದ್ದು, ಕೃಷಿ ಮತ್ತು ಮೂಲ ಜೀವವಿಜ್ಞಾನಗಳು ನೆರೆಹೊರೆಯಾಗಿರುವುದು ಇಲ್ಲಿನ ವಿಶೇಷ.

ಕೈಗಾರಿಕಾ ಪ್ರದೇಶದ ಉದ್ಯೋಗಾಕಾಂಕ್ಷಿಗಳಿಗೆ ಮತ್ತು ಸಣ್ಣ ಉದ್ಯಮಿಗಳಿಗೆ ಹೆಬ್ಬಾಳದ ಬೇಕರಿ ತರಬೇತಿ ಕೇಂದ್ರ ಹೆಚ್ಚು ಉಪಯುಕ್ತ. ಅಲ್ಪಾವಧಿಯ ತರಬೇತಿ ಪಡೆದು ಸ್ವಂತ ಬೇಕರಿ ತೆರೆದವರು ರಾಜ್ಯದ ಹಲವೆಡೆ ಇದ್ದಾರೆ. ರಾಗಿ ಬಿಸ್ಕತ್ತು, ರಾಗಿ ಬ್ರೆಡ್ಡಿನಂತಹ ಮೌಲ್ಯವರ್ಧಿತ ಪದಾರ್ಥಗಳು ಇಲ್ಲಿನ ಬೋಧನೆಯ ಭಾಗ.

ಅಧ್ಯಯನಾಸಕ್ತರಿಗೆ 1967ರಿಂದ ಪ್ರಕಟವಾಗುತ್ತಿರುವ 'ಮೈಸೂರು ಜರ್ನಲ್ ಆಫ್ ಅಗ್ರಿಕಲ್ಚರಲ್ ಸೈನ್ಸಸ್' ತ್ರೈಮಾಸಿಕ ಉತ್ತಮ ಆಕರ. ವಿಶ್ವವಿದ್ಯಾಲಯದ ಅನೇಕ ಸಂಶೋಧನಾ ಪ್ರಬಂಧಗಳು ದೇಶದ ಕೃಷಿ ವಿಶ್ವವಿದ್ಯಾಲಯಗಳ ಸಾಮಾನ್ಯ ಭಂಡಾರವಾದ 'ಕೃಷಿಕೋಶ'ದಲ್ಲಿ ಓದಲು ಸಿಗುತ್ತವೆ. ಇವುಗಳಲ್ಲಿ ಬಹುಪಾಲು ಇಂಗ್ಲಿಷಿನಲ್ಲಿರುವುದು ರೈತರ ಪಾಲಿಗೆ ತೊಡಕು. ಮೇಳ, ತರಬೇತಿ ಮತ್ತು ಕನ್ನಡದ ಕೈಪಿಡಿಗಳು ಆ ಅಂತರವನ್ನು ಸ್ವಲ್ಪಮಟ್ಟಿಗೆ ತುಂಬುತ್ತವೆ.

ಮುಂದಿನ ಹಾದಿ

ಸಂಶೋಧನೆ ಎಷ್ಟೇ ಉತ್ತಮವಾಗಿದ್ದರೂ ಬಿತ್ತಲು ಹೊಲವಿರಬೇಕು. ಬಿಡದಿ ಬಳಿಯ ಬೈರಮಂಗಲ, ಕಂಚುಗಾರನಹಳ್ಳಿ ಭಾಗದಲ್ಲಿ ಉದ್ದೇಶಿಸಲಾದ ಬೃಹತ್ ಉಪನಗರ ಯೋಜನೆಗೆ ಭೂಮಿ ಕೊಡಲು ಒಪ್ಪದ ರೈತರು 2025ರಲ್ಲಿ ಹೋರಾಟಕ್ಕಿಳಿದರು. ಪರಿಹಾರದ ಮೊತ್ತಕ್ಕಿಂತ ಮುಂದಿನ ಜೀವನೋಪಾಯದ ಚಿಂತೆ ಅವರಲ್ಲಿ ಅನೇಕರದು. ಹಾರೋಹಳ್ಳಿಯ ಸುತ್ತಲೂ ಇದೇ ಪ್ರಶ್ನೆ ಬೇರೆ ಬೇರೆ ರೂಪದಲ್ಲಿದೆ. ಕಾರ್ಖಾನೆ ಬಂದ ಹಳ್ಳಿಗಳಲ್ಲಿ ಯುವಕರು ಪಾಳಿಯ ಕೆಲಸಕ್ಕೆ ಹೋಗುತ್ತಾರೆ. ಹೊಲ ನೋಡಿಕೊಳ್ಳುವುದು ಹಿರಿಯರ ಮತ್ತು ಹೆಂಗಸರ ಪಾಲಿಗೆ ಬಂದಿದೆ. ಕೂಲಿಯಾಳು ದೊರೆಯದ ಈ ಸ್ಥಿತಿಯಲ್ಲಿ ಯಂತ್ರದಿಂದ ಕೊಯ್ಯಬಹುದಾದ, ಬಾಗದೆ ನಿಲ್ಲುವ ರಾಗಿ ತಳಿಗಳು, ಸಣ್ಣ ಹಿಡುವಳಿಗೆ ಹೊಂದುವ ಸಲಕರಣೆಗಳು ಮತ್ತು ಕಲುಷಿತ ನೀರಿನ ಪ್ರದೇಶಕ್ಕೆ ತಕ್ಕ ಬೆಳೆ ಸಲಹೆ ಮೊದಲಿಗಿಂತ ಹೆಚ್ಚು ಅಗತ್ಯವಾಗಿವೆ.

ನಗರದ ಒತ್ತಡ ವಿಶ್ವವಿದ್ಯಾಲಯವನ್ನೂ ಬಿಟ್ಟಿಲ್ಲ. ಒಂದು ಕಾಲಕ್ಕೆ ಊರಾಚೆಯ ಹೊಲಗಳಾಗಿದ್ದ ಹೆಬ್ಬಾಳ ಮತ್ತು ಜಿಕೆವಿಕೆಗಳು ಇಂದು ವಿಮಾನ ನಿಲ್ದಾಣದ ಹೆದ್ದಾರಿಯ ಬದಿಯ ದುಬಾರಿ ನೆಲಗಳಾಗಿವೆ. 1978ರಿಂದ ಒಂದೇ ಜಾಗದಲ್ಲಿ ನಡೆದು ಬಂದ ಪ್ರಯೋಗದ ತಾಕನ್ನು ಬೇರೆಡೆಗೆ ಸ್ಥಳಾಂತರಿಸಲಾಗದು. ಅದರ ಬೆಲೆಯನ್ನು ಚದರಡಿಯ ಲೆಕ್ಕದಲ್ಲಿ ಕಟ್ಟಲಾಗದು. ಸಂಸ್ಥೆ ಪದೇ ಪದೇ ವಿಭಜನೆಯಾಗುತ್ತಿರುವ ಹೊತ್ತಿನಲ್ಲಿ ಹಳೆಯ ಸಂಗ್ರಹಗಳು, ತಳಿ ಭಂಡಾರ ಮತ್ತು ದೀರ್ಘಕಾಲೀನ ದಾಖಲೆಗಳು ಚದುರಿಹೋಗದಂತೆ ಕಾಯುವ ಹೊಣೆಯೂ ಸರ್ಕಾರ ಮತ್ತು ವಿಶ್ವವಿದ್ಯಾಲಯಗಳ ಮೇಲಿದೆ.

ಹಾರೋಹಳ್ಳಿಯ ಕಾರ್ಖಾನೆಯಲ್ಲಿ ಪಾಳಿ ಮುಗಿಸಿ ಮನೆಗೆ ಬಂದವರ ತಟ್ಟೆಯ ಮುದ್ದೆಗೂ ಬೆಂಗಳೂರಿನ ಮನೆಗಳ ಬೆಳಗಿನ ರಾಗಿ ಅಂಬಲಿಗೂ ಹಿಟ್ಟು ಬರುವುದು ಇಂತಹ ಹೊಲಗಳಿಂದಲೇ. ಆ ಹೊಲಗಳಿಗೆ ಬೀಜ ಕೊಟ್ಟ ಸಂಸ್ಥೆಯ ಉಳಿವು ರೈತರಿಗೆ ಸೀಮಿತವಾದ ವಿಷಯವಲ್ಲ. ಉಣ್ಣುವವರೆಲ್ಲರಿಗೂ ಸೇರಿದ ವಿಷಯ.